ಕರಿ ಗ್ರೀಸಿನೊಳಗಿನ ಬಿಸಿಲು

ದೇಹೂ ರೋಡ್‌ನಲ್ಲಿ ಹಳೇ ಮುಂಬೈ–ಪುಣೆ ಹೆದ್ದಾರಿಯ ಪಕ್ಕದ ಗ್ಯಾರೇಜುಗಳ ಕಡೆಗೆ ಬೆಳಗಿನ ಹೊತ್ತೇ ಬನ್ನಿ. ಅತ್ತ ಲೋಣಾವಳಾ ಲೋಕಲ್ ಹಾರ್ನ್ ಹಾಕುತ್ತ ಹಾಯುತ್ತದೆ, ಇತ್ತ ಲಾರಿಗಳ ಬ್ರೇಕು ಉಸ್ಸೆನ್ನುತ್ತದೆ, ನಡುವೆ ಡೀಸೆಲ್ ಹೊಗೆಯ ಜೊತೆ ವಡಾಪಾವ್ ಬಾಣಲೆಯ ಎಣ್ಣೆ, ಕರಿದ ಹಸಿಮೆಣಸಿನಕಾಯಿಯ ಘಾಟು. ಜಾಕ್ ಕೊಟ್ಟು ಎತ್ತಿದ ಕಾರಿನಡಿ ಕಲಬುರಗಿ ಕಡೆಯ ಹುಡುಗನೊಬ್ಬ ಹರಿದ ರಬ್ಬರ್ ಬೂಟು ಕಿತ್ತು, ಆ್ಯಕ್ಸಲ್ ಜಾಯಿಂಟಿನ ಉಕ್ಕಿನ ಗುಂಡುಗಳನ್ನು ಹಳೇ ಬಟ್ಟೆಯಲ್ಲಿ ಒರೆಸಿ, ಡಬ್ಬಿಯಿಂದ ಎರಡು ಬೆರಳಲ್ಲಿ ಕರಿ ಗ್ರೀಸ್ ತೆಗೆದು ಮೆತ್ತುತ್ತಿದ್ದಾನೆ. “ಇದ ಹಾಕ್ಲಿಲ್ಲಂದ್ರ ಜಾಯಿಂಟ್ ಸವದು ಹೋಗ್ತದ್ರಿ ಸರ,” ಅನ್ನುತ್ತಾನೆ, ಕೈ ನಿಲ್ಲಿಸದೆ.

ಆ ಕಪ್ಪು ಮಾಲಿಬ್ಡಿನಮ್ ಡೈಸಲ್ಫೈಡಿನದು. ಬೆರಳಿಗೆ ಹತ್ತಿದ್ದನ್ನು ಉಜ್ಜಿ ನೋಡಿ: ನಯವಾಗಿ ಜಾರುತ್ತದೆ, ಬಿಸಿಲಿಗೆ ಹಿಡಿದರೆ ಸೀಸದ ಬೂದು ಹೊಳಪು. ಗಂಧಕದ ಎರಡು ಹಾಸುಗಳ ನಡುವೆ ಮಾಲಿಬ್ಡಿನಮ್ಮಿನ ಒಂದು ಹಾಸು, ಇಷ್ಟು ಸೇರಿ ಒಂದು ಪದರ. ಪದರದೊಳಗಿನ ಕಟ್ಟು ಬಲು ಬಿಗಿ, ಪದರ ಪದರದ ನಡುವಿನದು ತೀರ ಸಡಿಲ. ಹಾಗಾಗಿಯೇ ಅವು ಇಸ್ಪೀಟ್ ಎಲೆಗಳಂತೆ ಒಂದರ ಮೇಲೊಂದು ಸರಿಯುತ್ತವೆ, ಉಕ್ಕು ಉಳಿಯುತ್ತದೆ.

ಇದೇ ದೇಹೂ ರೋಡ್‌ನಲ್ಲಿ ಕಾತ್ರಜ್ ಬೈಪಾಸ್ ಹಿಡಿದರೆ ಪುಣೆಯ ಪಾಷಾಣ್ ಬಡಾವಣೆ ದೂರವಿಲ್ಲ. ಅಲ್ಲಿ 1950ರ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ, 2006ರಲ್ಲಿ ಶುರುವಾದ ಐಸರ್ ಎಂಬ ವಿಜ್ಞಾನ ಸಂಸ್ಥೆ ಇದೆ. ಇಂಥ ಪ್ರಯೋಗಾಲಯಗಳ ತಂಪು ಕೋಣೆಯಲ್ಲಿ ಆ ಸಡಿಲತೆಗೆ ಬೇರೆಯೇ ಕೆಲಸ. ಮಾಲಿಬ್ಡಿನಮ್ ಡೈಸಲ್ಫೈಡಿನ ಹರಳಿನ ಮೇಲೆ ಅಂಟುಟೇಪ್ ಒತ್ತುತ್ತಾರೆ, ಪರ್‍ರೆಂದು ಕೀಳುತ್ತಾರೆ, ಮಡಚಿ ಮತ್ತೆ ಕೀಳುತ್ತಾರೆ, ಕೊನೆಗೆ ಸಿಲಿಕಾನ್ ಬಿಲ್ಲೆಗೆ ಒತ್ತಿ ಸೂಕ್ಷ್ಮದರ್ಶಕದಡಿ ಹುಡುಕಾಟಕ್ಕೆ ಕೂರುತ್ತಾರೆ. ದಪ್ಪ ಚೂರುಗಳು ಕಣ್ಣಿಗೆ ಹೊಡೆಯುವಷ್ಟು ಹೊಳೆಯುತ್ತವೆ. ಬೇಕಾದ ಒಂಟಿ ಪದರ ಮಾತ್ರ ಅಂಚಿನಲ್ಲೆಲ್ಲೋ ಮಸುಕಾಗಿ ಕೂತಿರುತ್ತದೆ. ಮ್ಯಾಂಚೆಸ್ಟರಿನಲ್ಲಿ ಭೌತವಿಜ್ಞಾನಿಗಳಾದ ಗೈಮ್, ನೊವೊಸೆಲೊವ್ ಇದೇ ಟೇಪಿನಿಂದ ಇಂಗಾಲದ ಒಂಟಿ ಪದರವಾದ ಗ್ರಾಫೀನ್ ಬಿಡಿಸಿ 2004ರಲ್ಲಿ ಪ್ರಕಟಿಸಿದರು. 2010ರಲ್ಲಿ ನೊಬೆಲ್ ಬಂತು.

ಅದೇ 2010ರಲ್ಲಿ ಕರಿ ಹರಳಿನ ಗುಟ್ಟೂ ಹೊರಬಿತ್ತು. ದಪ್ಪಗಿದ್ದಾಗ ಲೇಸರ್ ಬಿಟ್ಟರೂ ಮಂಕಾಗೇ ಇರುವ ವಸ್ತು ಒಂದೇ ಪದರವಾದಾಗ ಕೆಂಪಗೆ ಮಿನುಗುತ್ತದೆ! ಅದರ ಎಲೆಕ್ಟ್ರಾನುಗಳು ಬೆಳಕನ್ನು ನೇರವಾಗಿ ಕೊಂಡು ಕೊಡುವ ಹದಕ್ಕೆ ಬಂದಿರುತ್ತವೆ. ದಪ್ಪ ಒಂದು ನ್ಯಾನೋಮೀಟರಿಗೂ ಕಡಿಮೆ, ಸುಮಾರು 0.65, ಆದರೂ ಬಿದ್ದ ಬಿಸಿಲಿನಲ್ಲಿ ಶೇ. 5ರಿಂದ 10ರಷ್ಟನ್ನು ಹೀರಬಲ್ಲದು ಎಂದು 2013ರ ಲೆಕ್ಕಾಚಾರ ತೋರಿಸಿತು. ನನ್ನನ್ನು ಈ ವಸ್ತುವಿನ ಹಿಂದೆ ಬೀಳಿಸಿದ್ದು ಈ ಅಂಕಿಯೇ. ಬೈಪಾಸಿನ ಹೆದ್ದಾರಿ ಬೆಳಗಾವಿ, ಹುಬ್ಬಳ್ಳಿ ದಾಟಿ ತಲುಪುವ ಬೆಂಗಳೂರಿನ ಜಕ್ಕೂರಿನಲ್ಲಿ ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ತಂಡ 2013ರಲ್ಲೇ ಒಂಟಿ ಪದರದ ಮಾಲಿಬ್ಡಿನಮ್ ಡೈಸಲ್ಫೈಡಿಗೆ ಬೆಳಕು ಹಿಡಿಯುವ ಬಣ್ಣವೊಂದನ್ನು ಜೊತೆಮಾಡಿ ನೀರಿನಿಂದ ಜಲಜನಕ ಬಿಡಿಸಿತ್ತು.

ಸೋಲಾರ್ ಕೋಶವಾಗಿ ಇದಿನ್ನೂ ಎಳೆಯದು. ಇದರ ಬಳಗದ ಟಂಗ್‌ಸ್ಟನ್ ಡೈಸೆಲೆನೈಡಿನಿಂದ ಸ್ಟ್ಯಾನ್‌ಫರ್ಡಿನವರು 2021ರಲ್ಲಿ ಮಾಡಿದ ಬಾಗುವ ಕೋಶದ ದಕ್ಷತೆ ಶೇ. 5.1. ಮಾಳಿಗೆಯ ಸಿಲಿಕಾನ್ ಫಲಕ ಶೇ. 20 ದಾಟಿದೆ. ಆದರೆ ತೂಕಕ್ಕೆ ಹಾಕಿ ನೋಡಿದರೆ ಸ್ಟ್ಯಾನ್‌ಫರ್ಡಿನ ಕೋಶ ಗ್ರಾಮಿಗೆ 4.4 ವಾಟ್ ಕೊಟ್ಟಿತು. ಡ್ರೋನಿಗೆ, ಮೈಮೇಲೆ ಧರಿಸುವ ಉಪಕರಣಕ್ಕೆ ಬೇಕಾದದ್ದು ಇಂಥ ಹಗುರವೇ. ತೊಡಕಿರುವುದು ಲೋಹ ಬಂದು ತಾಗುವ ಜಾಗದಲ್ಲಿ, ಅಲ್ಲಿ ವಿದ್ಯುತ್ತು ಸೋರಿಹೋಗುತ್ತದೆ. ಟೇಪಿಗೆ ಸಿಗುವ ಚೂರೂ ಮೈಕ್ರಾನ್‌ಗಳ ಲೆಕ್ಕದ್ದು. ಅಗಲವಾದ ಹಾಸು ಬೇಕಾದವರು ಈಗ ಕುಲುಮೆಯ ಕೊಳವೆಯಲ್ಲಿ ಮಾಲಿಬ್ಡಿನಮ್ ಆಕ್ಸೈಡ್ ಕಾಯಿಸಿ, ಗಂಧಕದ ಆವಿ ಹಾಯಿಸಿ, ಪದರವನ್ನು ಬಿಲ್ಲೆಯ ಮೇಲೆಯೇ ಬೆಳೆಸುತ್ತಿದ್ದಾರೆ.