ದಡವನ್ನು ಹೊತ್ತು ಸಾಗುವ ನೌಕೆ

ಹೊಗೆನಕಲ್ಲಿನಲ್ಲಿ ಕಾವೇರಿಯ ಮೇಲೆ ತೇಲುವ ಹರಿಗೋಲನ್ನು ಚಾಮರಾಜನಗರ ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರುವರು. ಬಿದಿರಿನ ಹೆಣಿಗೆಯ ದುಂಡು ಬುಟ್ಟಿ, ನೀರು ಒಸರದಂತೆ ಅದಕ್ಕೊಂದು ಹೊದಿಕೆ, ಅಂಬಿಗನ ಕೈಯಲ್ಲೊಂದು ಹುಟ್ಟು. ಇಷ್ಟಕ್ಕೆ ಅದರ ಸಲಕರಣೆಗಳ ಪಟ್ಟಿ ಮುಗಿಯಿತು. ದೀಪವಿಲ್ಲ, ಅಡಿಗೆಮನೆಯಿಲ್ಲ, ದಿಕ್ಸೂಚಿಯಿಲ್ಲ. ಇವು ಇಲ್ಲದಿರುವುದು ಅದರ ಕೊರತೆಯಲ್ಲ. ಹರಿಗೋಲಿಗೆ ದಡವು ಕೂಗಳತೆಯಲ್ಲಿಯೇ ಇದೆ. ಕತ್ತಲಾದರೆ, ಹಸಿವಾದರೆ, ಹೊದಿಕೆ ಹರಿದರೆ ದಡಕ್ಕೆ ಬಂದರಾಯಿತು.

ಈಗ ಈ ದಡವನ್ನು ಮನಸ್ಸಿನಲ್ಲಿಯೇ ದೂರ ಸರಿಸುತ್ತ ಹೋಗೋಣ. ಹತ್ತು ಮೈಲಿ, ನೂರು ಮೈಲಿ, ಸಾವಿರ ಮೈಲಿ. ದಡವು ಕೊಡುತ್ತಿದ್ದ ಒಂದೊಂದು ಅನುಕೂಲವನ್ನೂ ದೋಣಿಯೇ ಹೊರಬೇಕಾಗುವುದು. ನೀರು, ಬೆಳಕು, ಶೈತ್ಯ, ದುರಸ್ತಿಯ ಅಂಗಡಿ, ಅಂಚೆಮನೆ, ಕೊನೆಗೆ ಆಪತ್ತಿನಲ್ಲಿ ಕೂಗಿ ಕರೆಯುವ ಕಂಠ ಕೂಡ. ಹೀಗೆ ದಡವನ್ನೇ ತುಂಬಿಕೊಂಡು ಹೊರಡುವ ದೋಣಿಯೇ ದೂರಗಾಮಿ ಮೋಟಾರು ನೌಕೆ. ವಿಹಾರಕ್ಕಾಗಿ ಕಡಲು ದಾಟುವವರು ಇದನ್ನು ಯಾಟ್ ಎಂದು ಕರೆಯುವರು. ಮಲ್ಪೆ, ಮಂಗಳೂರುಗಳಿಂದ ಅನೇಕ ದಿನಗಳ ಮಟ್ಟಿಗೆ ಆಳಸಮುದ್ರಕ್ಕೆ ತೆರಳುವ ಮೀನುಗಾರಿಕೆಯ ಬೋಟುಗಳೂ ಇದೇ ಕುಲದವು. ಒಂದು ವಿಲಾಸಕ್ಕೆ, ಇನ್ನೊಂದು ಹೊಟ್ಟೆಪಾಡಿಗೆ. ಆದರೆ ಕಡಲಿನ ನಿಯಮಗಳು ಎರಡಕ್ಕೂ ಒಂದೇ.

ಸಣ್ಣ ಮೋಟಾರು ನೌಕೆಯು ಹಾಯಿಯ ನೆರವನ್ನು ನೆಚ್ಚಿಕೊಳ್ಳದೆ ಮಹಾಸಾಗರವನ್ನು ದಾಟಬಲ್ಲುದೆಂಬುದನ್ನು ತೋರಿಸಿದವರಲ್ಲಿ ಅಮೆರಿಕದ ನೌಕಾದಳದ ಅಧಿಕಾರಿಯಾಗಿದ್ದ ರಾಬರ್ಟ್ ಬೀಬಿ ಪ್ರಮುಖರು. ಅವರು ಸಿಂಗಪುರದಲ್ಲಿ ಕಟ್ಟಿಸಿದ ‘ಪ್ಯಾಸೇಜ್‌ಮೇಕರ್’ ಎಂಬ ನೌಕೆಯು ೧೯೬೩ರಲ್ಲಿ ಹಿಂದೂ ಮಹಾಸಾಗರವನ್ನು ದಾಟಿ ಗ್ರೀಸ್ ದೇಶವನ್ನು ಸೇರಿತು. ಇಂಥ ನೌಕೆಯ ಒಳಗೆ ಏನೇನಿರುವುದು? ಅವೆಲ್ಲವನ್ನೂ ಆಳುವ ನಿಯಮ ಯಾವುದು?

ನಿಧಾನದ ಲೆಕ್ಕ

ನೌಕೆಯಲ್ಲಿ ಮೊದಲು ನೋಡಬೇಕಾದುದು ಎಂಜಿನನ್ನಲ್ಲ, ಡೀಸೆಲಿನ ತೊಟ್ಟಿಯನ್ನು. ನೀರಿನಲ್ಲಿ ಚಲಿಸುವ ವಸ್ತುವಿಗೆ ಒದಗುವ ತಡೆಯು ಸ್ಥೂಲವಾಗಿ ವೇಗದ ವರ್ಗವನ್ನು ಅನುಸರಿಸುವುದು. ಸಾಮರ್ಥ್ಯವೆಂದರೆ ತಡೆ ಮತ್ತು ವೇಗಗಳ ಗುಣಲಬ್ಧವಷ್ಟೆ. ಆದುದರಿಂದ ಬೇಕಾಗುವ ಸಾಮರ್ಥ್ಯವು ವೇಗದ ಘನವನ್ನು ಅನುಸರಿಸುವುದು. ವೇಗವನ್ನು ಇಮ್ಮಡಿಸಿದರೆ ಎಂಜಿನು ಎಂಟುಪಟ್ಟು ದುಡಿಯಬೇಕು.

ಇದಕ್ಕೊಂದು ಮೇರೆಯೂ ಉಂಟು. ಚಲಿಸುವ ನೌಕೆಯು ತನ್ನ ಸುತ್ತ ಅಲೆಯನ್ನೆಬ್ಬಿಸುವುದು. ವೇಗ ಹೆಚ್ಚಿದಂತೆ ಆ ಅಲೆ ನೀಳವಾಗುವುದು. ಅಲೆಯ ಉದ್ದವು ನೌಕೆಯ ಉದ್ದಕ್ಕೆ ಸಮವಾದಾಗ ನೌಕೆಯು ತಾನೇ ತೋಡಿದ ತಗ್ಗಿನಲ್ಲಿ ಸಿಕ್ಕಿಕೊಂಡಂತಾಗುವುದು. ನೀರಿನ ಮಟ್ಟದಲ್ಲಿ ೧೬ ಮೀಟರ್ ಉದ್ದವಿರುವ ನೌಕೆಗೆ ಈ ವೇಗವು ಸೆಕೆಂಡಿಗೆ ಸುಮಾರು ೫ ಮೀಟರ್, ಎಂದರೆ ಗಂಟೆಗೆ ೧೮ ಕಿಲೋಮೀಟರ್. ಅಗ್ಗದ ಸೈಕಲ್ಲಿನ ವೇಗ! ಇದನ್ನು ಮೀರಲು ಹೊರಟರೆ ಡೀಸೆಲು ನೀರಿನಂತೆ ಖರ್ಚಾಗುವುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಮ್ಮ ನೌಕೆಯಲ್ಲಿ ೪೦೦೦ ಲೀಟರ್ ಡೀಸೆಲು ಇದೆ. ೮ ನಾಟ್ ವೇಗದಲ್ಲಿ, ಎಂದರೆ ಗಂಟೆಗೆ ೮ ಕಡಲ ಮೈಲಿಯಂತೆ ಸಾಗುವಾಗ, ಗಂಟೆಗೆ ೨೦ ಲೀಟರ್ ಉರಿಯುವುದೆಂದಿರಲಿ. (ಒಂದು ಕಡಲ ಮೈಲಿಯು ೧೮೫೨ ಮೀಟರಿಗೆ ಸಮ.) ಇನ್ನೂರು ಗಂಟೆಗಳಲ್ಲಿ ೧೬೦೦ ಕಡಲ ಮೈಲಿ ಸಾಗಿ ತೊಟ್ಟಿ ಬರಿದಾಗುವುದು. ಮುಂಬಯಿಯಿಂದ ಏಡನ್ ಬಂದರಿಗೆ ಸುಮಾರು ೧೬೫೦ ಕಡಲ ಮೈಲಿ. ಬಂದರು ಇನ್ನು ಕೆಲವೇ ಗಂಟೆಗಳ ದೂರದಲ್ಲಿರುವಾಗ ನೌಕೆ ನಿಂತಿತು.

ಅದೇ ನೌಕೆಯನ್ನು ೬ ನಾಟ್ ವೇಗದಲ್ಲಿ ನಡೆಸಿದರೆ ಖರ್ಚು ಗಂಟೆಗೆ ೮.೪ ಲೀಟರಿಗೆ ಇಳಿಯುವುದು. ದೀಪ, ಶೀತಕಯಂತ್ರ ಮುಂತಾದುವುಗಳಿಗೆ ವಿದ್ಯುತ್ತನ್ನು ಒದಗಿಸಲು ಗಂಟೆಗೆ ೧ ಲೀಟರನ್ನು ಸೇರಿಸಿದರೂ ಏಡನ್ ತಲಪುವ ವೇಳೆಗೆ ತೊಟ್ಟಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಡೀಸೆಲು ಉಳಿದಿರುವುದು. ಇದಕ್ಕೆ ತೆತ್ತ ಬೆಲೆಯೇನು? ಸುಮಾರು ಮೂರು ದಿನಗಳ ತಾಳ್ಮೆ. ನಿಧಾನವೇ ಪ್ರಧಾನವೆಂಬ ಮಾತು ಇಲ್ಲಿ ನೀತಿಯಲ್ಲ, ಗಣಿತ. ಹಾಗೆಂದು ೧ ನಾಟಿನಲ್ಲಿ ತೆವಳಿದರೂ ಪ್ರಯೋಜನವಿಲ್ಲ. ವಿದ್ಯುತ್ತಿಗೆ ಹೋಗುವ ಆ ಒಂದು ಲೀಟರು ಗಂಟೆಗಂಟೆಗೂ ಹೋಗುತ್ತಲೇ ಇರುವುದರಿಂದ ೧೬೦ ದಿನಗಳ ಕೊನೆಗೂ ೪ ನಾಟಿನಲ್ಲಿ ಸಾಗುವಷ್ಟು ದೂರವನ್ನು ನೌಕೆಯು ಮುಟ್ಟಲಾರದು. ಎಷ್ಟು ನಿಧಾನವಾದರೆ ಅತ್ಯಂತ ದೂರವೆಂಬುದನ್ನು ಕಲನಶಾಸ್ತ್ರ ಬಲ್ಲ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು.

ಎಂಜಿನು ಮತ್ತು ಅದರ ಸ್ಟೆಪ್ನಿ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡುದಾರಿಗೆ ಇಳಿಯುವ ಮುನ್ನ ಅನುಭವಸ್ಥನಾದ ಲಾರಿ ಚಾಲಕನು ಡೀಸೆಲು, ಗಾಳಿ, ಸ್ಟೆಪ್ನಿಗಳನ್ನು ನೋಡಿಕೊಳ್ಳುವನು. ಕಾಡಿನ ನಡುವೆ ಪಂಕ್ಚರ್ ಅಂಗಡಿ ಸಿಕ್ಕದೆಂದು ಅವನಿಗೆ ತಿಳಿದಿದೆ. ಕಡಲಿನಲ್ಲಿ ಈ ಎಚ್ಚರವು ನೂರ್ಮಡಿಯಾಗಬೇಕು. ಅನೇಕ ದೂರಗಾಮಿ ನೌಕೆಗಳಲ್ಲಿ ದೊಡ್ಡ ಎಂಜಿನಿನ ಪಕ್ಕದಲ್ಲಿ ಪ್ರತ್ಯೇಕವಾದ ಪ್ರೊಪೆಲರಿನೊಡನೆ ಸಣ್ಣದೊಂದು ಎಂಜಿನು ಇರುವುದು. ದೊಡ್ಡದು ಕೆಟ್ಟಾಗ ನಡೆದುಕೊಂಡಾದರೂ ಮನೆ ಸೇರಿಸುವುದು ಇದರ ಕೆಲಸ. ಇದೂ ಘನದ ನಿಯಮದ ಕೊಡುಗೆಯೇ: ಅರ್ಧ ವೇಗಕ್ಕೆ ಎಂಟನೆಯ ಒಂದು ಪಾಲಿನ ಸಾಮರ್ಥ್ಯ ಸಾಕಷ್ಟೆ.

ಆದರೆ ಡೀಸೆಲು ಕೊಳಕಾದರೆ ಎರಡು ಎಂಜಿನುಗಳೂ ಒಟ್ಟಿಗೆ ನಿಲ್ಲುವುವು. ತೊಟ್ಟಿಯ ಗೋಡೆಯ ಮೇಲೆ ತೇವವು ಹನಿಗಟ್ಟಿ ತಳದಲ್ಲಿ ನೀರು ಸೇರುವುದು. ನೀರು ಮತ್ತು ಡೀಸೆಲು ಕೂಡುವೆಡೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುವುವು. ಹಡಗು ಹೊಯ್ದಾಡಿದಾಗ ಈ ಕೆಸರೆಲ್ಲ ಮೇಲೆದ್ದು ಕೊಳವೆಗಳನ್ನು ಮುಚ್ಚುವುದು. ಎಂಜಿನು ನಿಲ್ಲುವುದು ಬಿರುಗಾಳಿಯ ಹೊತ್ತಿನಲ್ಲಿಯೇ ಎಂಬ ನಾವಿಕರ ನಂಬಿಕೆಗೆ ಹೀಗೊಂದು ಕಾರಣವುಂಟು. ಆದುದರಿಂದ ದೊಡ್ಡ ತೊಟ್ಟಿಯ ಡೀಸೆಲನ್ನು ಸೋಸಿ, ನೀರನ್ನು ಬೇರ್ಪಡಿಸಿ, ಸಣ್ಣ ತೊಟ್ಟಿಯಲ್ಲಿ ಸಂಗ್ರಹಿಸಿ, ಅಲ್ಲಿಂದ ಎಂಜಿನಿಗೆ ಉಣಿಸುವರು.

ಉಪ್ಪುನೀರು ಲೋಹಗಳಿಗೆ ಶತ್ರು. ಕಂಚಿನ ಪ್ರೊಪೆಲರು, ಉಕ್ಕಿನ ದಂಡ, ನಡುವೆ ಉಪ್ಪುನೀರು. ಇವು ಸೇರಿದರೆ ತಾನಾಗಿಯೇ ಒಂದು ವಿದ್ಯುತ್ಕೋಶವಾಗುವುದು. ಆಗ ಹೆಚ್ಚು ಚಟುವಟಿಕೆಯ ಲೋಹವು ಸವೆಯುವುದು. ಆದಕಾರಣ ಇವೆರಡಕ್ಕಿಂತಲೂ ಚಟುವಟಿಕೆಯುಳ್ಳ ಸತುವಿನ ಬಿಲ್ಲೆಗಳನ್ನು ನೌಕೆಯ ತಳಕ್ಕೆ ಬಿಗಿದಿರುವರು. ಸತುವು ತಾನು ಕರಗಿ ಉಳಿದುವನ್ನು ಕಾಯುವುದು.

ಕಡಲಿನ ನಡುವೆ ಕುಡಿಯುವ ನೀರು

ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನಿಗೆ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಎಲ್ಲರೂ ಬಲ್ಲರು. ಕೊಳವೆಬಾವಿಯ ಗಡಸು ನೀರನ್ನು ಸೂಕ್ಷ್ಮವಾದ ಪೊರೆಯೊಂದರ ಮೂಲಕ ಒತ್ತಡದಿಂದ ನೂಕಿದಾಗ ನೀರು ಹಾದುಹೋಗಿ, ಕರಗಿದ ಲವಣಗಳ ಬಹುಪಾಲು ಹಿಂದೆ ಉಳಿಯುವುದು. ನೌಕೆಯ ಸಿಹಿನೀರಿನ ಯಂತ್ರವೂ ಇದೇ. ಭೇದವಿರುವುದು ಒತ್ತಡದಲ್ಲಿ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿದ್ದು, ಅದರ ಪರಾಸರಣ ಒತ್ತಡವೇ ಸುಮಾರು ೨೭ ವಾಯುಭಾರದಷ್ಟು. ಅದನ್ನು ಮೀರಿ ಕೆಲಸ ನಡೆಯಲು ೫೫ರಿಂದ ೬೦ ವಾಯುಭಾರ ಬೇಕಾಗುವುದು. ಇದು ೬೦೦ ಮೀಟರ್ ಎತ್ತರದ ನೀರಿನ ಕಂಬದ ಭಾರಕ್ಕೆ ಸಮೀಪ.

ಈ ಒತ್ತಡವನ್ನು ಕೊಡುವ ಪಂಪು ವಿದ್ಯುತ್ತನ್ನು ತಿನ್ನುವುದು ನಿಜ. ಆದರೂ ಲೆಕ್ಕವು ಯಂತ್ರದ ಪರವಾಗಿಯೇ ಇದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು ೧೦ ಕಿಲೋವಾಟ್-ಗಂಟೆಯ ಶಕ್ತಿ ಅಡಗಿದೆ. ಜನರೇಟರಿನ ಮೂಲಕ ಅದರ ಮೂರನೆಯ ಒಂದು ಪಾಲು ವಿದ್ಯುತ್ತಾಗಿ ಸಿಕ್ಕಿದರೂ ಸಾಧಾರಣವಾದ ಯಂತ್ರವೊಂದು ಸುಮಾರು ೨೦೦ ಲೀಟರ್ ಸಿಹಿನೀರನ್ನು ಕೊಡಬಲ್ಲುದು. ಒಂದು ಲೀಟರನ್ನು ಹೊತ್ತರೆ ಇನ್ನೂರು ಲೀಟರನ್ನು ಹೊತ್ತಂತೆ! ಮಲ್ಪೆಯ ಬೋಟುಗಳಲ್ಲಿ ಲೆಕ್ಕವು ಬೇರೆ. ಅಲ್ಲಿ ಹೊರಡುವಾಗಲೇ ನೀರನ್ನೂ ಪುಡಿಮಾಡಿದ ಮಂಜುಗಡ್ಡೆಯನ್ನೂ ತುಂಬಿಕೊಳ್ಳುವರು. ಒಂದು ಗ್ರಾಂ ಮಂಜುಗಡ್ಡೆಯು ಕರಗುವಾಗ ೮೦ ಕ್ಯಾಲೊರಿ ಶಾಖವನ್ನು ಹೀರುವುದು. ಆ ಸುಪ್ತೋಷ್ಣವೇ ಅವರ ಶೈತ್ಯಾಗಾರ.

ಓಲಾಟಕ್ಕೆ ಕಡಿವಾಣ

ದುಂಡು ತಳದ ನೌಕೆಯು ಲೋಲಕದಂತೆ ಓಲಾಡುವುದು. ದಿನಗಟ್ಟಲೆ ಓಲಾಡಿ ನಿದ್ದೆಗೆಟ್ಟ ನಾವಿಕನು ತಪ್ಪೆಸಗುವನು. ಆದುದರಿಂದ ಓಲಾಟವನ್ನು ತಡೆಯುವುದು ಸುಖದ ಮಾತಷ್ಟೇ ಅಲ್ಲ. ಬೀಬಿಯವರ ನೌಕೆಯಲ್ಲಿ ಎರಡು ಕಡೆಗೂ ಚಾಚಿದ ಕಂಬಗಳಿಂದ ತೂಕದ ರೆಕ್ಕೆಗಳನ್ನು ನೀರಿನೊಳಗೆ ಇಳಿಬಿಟ್ಟಿದ್ದರು. ಈಚಿನ ನೌಕೆಗಳಲ್ಲಿ ತಳದ ಇಕ್ಕೆಲದ ರೆಕ್ಕೆಗಳನ್ನು ಯಂತ್ರವೇ ತಿರುಗಿಸುವುದು. ಕೆಲವುದರಲ್ಲಿ ಭಾರವಾದ ಚಕ್ರವೊಂದು ಬಿರುಸಾಗಿ ತಿರುಗುತ್ತ, ಬುಗುರಿಯು ಬೀಳದೆ ನಿಲ್ಲುವ ತತ್ತ್ವದಿಂದಲೇ, ನೌಕೆಯನ್ನು ಹಿಡಿದು ನಿಲ್ಲಿಸುವುದು.

ಕಣ್ಣು, ಕಿವಿ, ಕಂಠ

ರೇಡಾರು ಸುಮಾರು ೩ ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಗಳನ್ನು ಚಿಮ್ಮಿಸಿ ಮರುದನಿಯನ್ನು ಆಲಿಸುವುದು. ಕತ್ತಲೆ ಮಂಜುಗಳು ಅದಕ್ಕೆ ಅಡ್ಡಿಯಲ್ಲ. ಪ್ರತಿಧ್ವನಿಮಾಪಕವು ಶಬ್ದದಿಂದ ಕಡಲಿನ ಆಳವನ್ನು ಅಳೆಯುವುದು. ಉಪಗ್ರಹಗಳ ಸಂಕೇತದಿಂದ ನೌಕೆಯು ತಾನಿರುವ ಸ್ಥಳವನ್ನು ಅರಿಯುವುದು. ಸ್ವಯಂಚಾಲಿತ ಗುರುತಿನ ಸಾಧನವು ತನ್ನ ಹೆಸರು, ಸ್ಥಾನ, ದಿಕ್ಕು, ವೇಗಗಳನ್ನು ಸುತ್ತಲಿನ ಹಡಗುಗಳಿಗೆ ಸಾರುತ್ತಲೇ ಇರುವುದು. ಮಾತಿಗೆ ಅತ್ಯುಚ್ಚ ಆವರ್ತನದ ರೇಡಿಯೋ ಉಂಟು.

ಆದರೆ ಈ ರೇಡಿಯೋ ಅಲೆಗಳು ಬಹುಮಟ್ಟಿಗೆ ನೇರಗೆರೆಯಲ್ಲಿಯೇ ಸಾಗುವುವು, ಭೂಮಿಯೋ ದುಂಡಗಿದೆ. ಕಡಲಿನ ಮೇಲೆ ಎತ್ತರದಿಂದ ಕಾಣುವ ದಿಗಂತದ ದೂರವನ್ನು ಕಿಲೋಮೀಟರುಗಳಲ್ಲಿ ಪಡೆಯಲು, ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು ೩.೫೭ರಿಂದ ಗುಣಿಸಿದರಾಯಿತು. ೧೪೫೪ ಮೀಟರ್ ಎತ್ತರದ ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಕಡಲ ದಡದಲ್ಲಿದ್ದಿದ್ದರೆ ಅದರ ನೆತ್ತಿಯಿಂದ ೧೩೬ ಕಿಲೋಮೀಟರ್ ದೂರದ ದಿಗಂತ ಕಾಣುತ್ತಿತ್ತು. ಬೋಟಿನ ೯ ಮೀಟರ್ ಕಂಬದ ತುದಿಯಿಂದಲಾದರೋ ೧೧ ಕಿಲೋಮೀಟರಿಗೂ ಕಡಿಮೆ. ದಡದಲ್ಲಿ ನೂರು ಮೀಟರ್ ಎತ್ತರದ ಗೋಪುರವಿದ್ದರೂ ಎರಡೂ ಸೇರಿ ಸುಮಾರು ೪೬ ಕಿಲೋಮೀಟರ್; ಅಲೆಗಳು ವಾಯುಮಂಡಲದಲ್ಲಿ ತುಸು ಬಾಗುವುದರಿಂದ ಇನ್ನಷ್ಟು ಸಿಕ್ಕೀತು. ಅದರಾಚೆ ಎಷ್ಟು ಕೂಗಿದರೂ ಆ ಕೂಗು ದಡವನ್ನು ಮುಟ್ಟದು.

ಲೆಕ್ಕದ ಹೊರಗಿನ ಪೆಟ್ಟಿಗೆ

೨೦೧೮ರ ಡಿಸೆಂಬರ್ ೧೩ರಂದು ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಮಲ್ಪೆಯಿಂದ ಹೊರಟಿತು. ಎರಡು ದಿನಗಳ ತರುವಾಯ ಅದರ ಸಂಪರ್ಕ ಕಡಿದುಹೋಯಿತು. ನೌಕಾದಳ, ಕರಾವಳಿ ರಕ್ಷಣಾ ದಳಗಳು ಹುಡುಕಿದುವು. ಉಡುಪಿ, ಉತ್ತರ ಕನ್ನಡಗಳ ಏಳು ಮನೆಗಳು ಬಾಗಿಲು ನೋಡುತ್ತ ಕುಳಿತುವು. ೨೦೧೯ರ ಮೇ ತಿಂಗಳಿನಲ್ಲಿ, ನಾಲ್ಕೂವರೆ ತಿಂಗಳ ಅನಂತರ, ನೌಕಾದಳದ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದ ಸಮೀಪ ಕಡಲಿನ ತಳದಲ್ಲಿ ಅದರ ಅವಶೇಷವನ್ನು ಪತ್ತೆಹಚ್ಚಿತು. ಏಳು ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ.

ಆ ರಾತ್ರಿ ಏನು ನಡೆಯಿತೆಂಬುದರ ವಿಚಾರಣೆ ಈ ಲೇಖನದ್ದಲ್ಲ. ಆದರೆ ಇಲ್ಲಿಯವರೆಗೆ ವರ್ಣಿಸಿದ ಸಲಕರಣೆಗಳನ್ನೆಲ್ಲ ಇನ್ನೊಮ್ಮೆ ನೋಡಿರಿ. ರೇಡಾರು, ರೇಡಿಯೋ, ದೀಪ, ಪಂಪು ಇವೆಲ್ಲವೂ ಬ್ಯಾಟರಿಯನ್ನೂ, ಬ್ಯಾಟರಿಯು ಬಹುಮಟ್ಟಿಗೆ ಎಂಜಿನನ್ನೂ, ಎಂಜಿನು ಡೀಸೆಲನ್ನೂ ನಂಬಿವೆ. ಎಂಜಿನಿನ ಕೋಣೆಗೆ ನೀರು ನುಗ್ಗಿದರೆ ಇವೆಲ್ಲ ಕೆಲವೇ ನಿಮಿಷಗಳಲ್ಲಿ ಮೂಕವಾಗುವುವು. ಆದಕಾರಣ ಒಂದು ಸಲಕರಣೆಯಾದರೂ ನೌಕೆಯ ಯಾವುದನ್ನೂ ನಂಬದೆ ಇರಬೇಕು. ಅದೇ ಆಪತ್ಸೂಚಕ ಪ್ರೇಷಕ.

ಕೈಯಲ್ಲಿ ಎತ್ತಬಹುದಾದ ಈ ಪೆಟ್ಟಿಗೆಗೆ ತನ್ನದೇ ಬ್ಯಾಟರಿಯುಂಟು. ದೊಡ್ಡ ನೌಕೆಗಳಲ್ಲಿ ಇದನ್ನು ಹಿಡಿದಿರುವ ಕೊಂಡಿಯು ನೀರಿನ ಒತ್ತಡಕ್ಕೆ ಬಿಚ್ಚಿಕೊಳ್ಳುವಂತಹುದು. ನೌಕೆಯು ಮುಳುಗಿ ಕೊಂಡಿಯು ಒಂದೂವರೆಯಿಂದ ನಾಲ್ಕು ಮೀಟರ್ ಆಳಕ್ಕಿಳಿದೊಡನೆ ಪೆಟ್ಟಿಗೆಯು ಬಿಡುಗಡೆ ಹೊಂದಿ, ಮೇಲೆ ತೇಲಿ, ೪೦೬ ಮೆಗಾಹರ್ಟ್ಸ್ ಆವರ್ತನದಲ್ಲಿ ೫ ವಾಟಿನ ಕೂಗನ್ನು ಆಕಾಶಕ್ಕೆ ಕಳುಹಿಸುವುದು. ಕೂಗುವುದು ಸುಮಾರು ೫೦ ಸೆಕೆಂಡುಗಳಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಮಾತ್ರ. ಈ ಕೂಗಿಗೆ ತಗಲುವ ಸಾಮರ್ಥ್ಯದ ಸರಾಸರಿಯು ೦.೦೫ ವಾಟ್, ಕೈದೀಪದ್ದಕ್ಕಿಂತಲೂ ಕಡಿಮೆ. ಆದುದರಿಂದಲೇ ಸಣ್ಣ ಬ್ಯಾಟರಿಯಿಂದ ಎರಡು ದಿನ ಕೂಗಲು ಸಾಧ್ಯ. ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡ, ಫ್ರಾನ್ಸ್ ದೇಶಗಳು ಕೂಡಿ ಆರಂಭಿಸಿದ ಉಪಗ್ರಹ ವ್ಯವಸ್ಥೆಯು ೧೯೮೨ರಲ್ಲಿಯೇ ಇಂಥ ಕರೆಯನ್ನು ಕೇಳಿ ಪ್ರಾಣ ಉಳಿಸತೊಡಗಿತು. ಹಾರುವ ಉಪಗ್ರಹಕ್ಕೆ ಕೇಳುವ ಆವರ್ತನವು ಏರಿಳಿಯುವ ರೀತಿಯಿಂದಲೇ ಆಗ ಸ್ಥಳವನ್ನು ಕಂಡುಹಿಡಿಯುತ್ತಿದ್ದರು. ದೂರ ಸರಿಯುವ ರೈಲಿನ ಸಿಳ್ಳು ಮಂದವಾಗುವ ಡಾಪ್ಲರ್ ಪರಿಣಾಮವೇ ಅದು.

ಭಾರತದ ಬಾಹ್ಯಾಕಾಶ ಸಂಸ್ಥೆಯು ಮೀನುಗಾರರಿಗಾಗಿಯೇ ರೂಪಿಸಿದ ಆಪತ್ಸೂಚಕವು ೨೦೧೦ರಿಂದ ಬಳಕೆಯಲ್ಲಿದೆ. ೨೦೨೪ರಲ್ಲಿ ಪ್ರಕಟವಾದ ಅದರ ಎರಡನೆಯ ತಲೆಮಾರಿನಲ್ಲಿ ಮುಖ್ಯವಾದೊಂದು ಸುಧಾರಣೆಯಿದೆ: ಕರೆಯು ತಲಪಿತೆಂಬ ಮರುತ್ತರವು ಬೋಟಿಗೆ ಮರಳಿ ಬರುವುದು. ಕತ್ತಲೆಯ ಕಡಲಿನಲ್ಲಿ ತೇಲುತ್ತಿರುವವನಿಗೆ ತನ್ನ ಕೂಗು ಯಾರಿಗಾದರೂ ಕೇಳಿತೆಂದು ತಿಳಿಯುವುದರ ಬೆಲೆಯನ್ನು ವಾಟುಗಳಲ್ಲಿ ಅಳೆಯಲಾಗದು.

ಆ ಕೂಗನ್ನು ಕೇಳಿ, ಬಿಡಿಸಿ, ಕರಾವಳಿ ರಕ್ಷಣಾ ದಳಕ್ಕೆ ತಿಳಿಸುವ ಕೇಂದ್ರವಿರುವುದು ಕಡಲ ದಡದಲ್ಲಲ್ಲ, ಬೆಂಗಳೂರಿನಲ್ಲಿ. ನಮ್ಮಂತೆಯೇ ಪ್ರಸ್ಥಭೂಮಿಯ ಮೇಲಿರುವ ಊರಿನಲ್ಲಿ. ಮಲ್ಪೆಯ ಬೋಟಿಗೆ ದಡವನ್ನು ಒಂದಿಷ್ಟು ಹತ್ತಿರ ತರುವ ಕೆಲಸವು ಅಲೆಯ ಸದ್ದು ಕೇಳಿಸದ ಕೋಣೆಗಳಲ್ಲಿ ನಡೆಯುತ್ತಿದೆ. ಗುಂಡ್ಲುಪೇಟೆಯ ಪ್ರಯೋಗಶಾಲೆಯಲ್ಲಿ ಇಂದು ಡಾಪ್ಲರ್ ಪರಿಣಾಮವನ್ನೂ ದ್ರವದ ಒತ್ತಡವನ್ನೂ ಅಭ್ಯಸಿಸುತ್ತಿರುವ ವಿದ್ಯಾರ್ಥಿಗೆ ಆ ಕೋಣೆಯ ಬಾಗಿಲು ದೂರವೇನೂ ಅಲ್ಲ.