ಕಡಲಾಳದ ಉರಿಯುವ ಮಂಜುಗಡ್ಡೆ: ಮೇಲೆತ್ತಿದರೆ ಏನು ಅಪಾಯ?

ಬೆಂಕಿಕಡ್ಡಿ ಸೋಕಿಸಿದರೆ ಹೊತ್ತಿಕೊಳ್ಳುವ ಮಂಜುಗಡ್ಡೆಯೇ ಮೀಥೇನ್ ಹೈಡ್ರೇಟ್. ನೀರಿನ ಅಣುಗಳು ಹೆಣೆದ ಪಂಜರದಲ್ಲಿ ಮೀಥೇನ್ ಸೆರೆಯಾಗಿರುತ್ತದೆ. ಒಂದು ಘನ ಮೀಟರ್ ಗಡ್ಡೆ ಒಡೆದರೆ ಹೊರಬರುವ ಅನಿಲ ಸುಮಾರು 160 ಘನ ಮೀಟರ್. ಚಳಿಯೂ ಒತ್ತಡವೂ ಇರುವ ಆಳದಲ್ಲಷ್ಟೇ ಅದು ಗಟ್ಟಿಯಾಗಿ ಉಳಿಯುತ್ತದೆ. ಬಂಗಾಳ ಕೊಲ್ಲಿಯ ಕೃಷ್ಣಾ-ಗೋದಾವರಿ ಬೇಸಿನ್‌ನಲ್ಲಿ 2006ರಲ್ಲಿ ಕೊರೆದಾಗ ನೂರು ಮೀಟರಿಗೂ ದಪ್ಪನೆಯ ಹೈಡ್ರೇಟ್ ಪದರ ಸಿಕ್ಕಿತ್ತು.

ತೆಗೆಯುವ ವಿಧಾನ ಸರಳ: ಬಾವಿ ಕೊರೆದು ಅದರ ನೀರನ್ನು ಪಂಪ್ ಮಾಡುವುದು. ಒತ್ತಡ ಇಳಿಯುತ್ತಲೇ ಪಂಜರ ಒಡೆದು ಅನಿಲ ಬಿಡುಗಡೆಯಾಗುತ್ತದೆ. ತೊಡಕೂ ಅಲ್ಲೇ ಇದೆ. ಕಡಲತಳದ ಮರಳಿನ ಕಣಗಳನ್ನು ಬೆಸೆದಿಟ್ಟಿದ್ದೂ ಅದೇ ಹೈಡ್ರೇಟ್. 2013ರಲ್ಲಿ ಜಪಾನ್ ತನ್ನ ನಾನ್‌ಕಾಯ್ ಕಡಲಕಂದಕದಲ್ಲಿ ಆರು ದಿನ ಅನಿಲ ತೆಗೆಯಿತು. ಸುಮಾರು 1.2 ಲಕ್ಷ ಘನ ಮೀಟರ್ ಬಂದಾಗ, ನಮ್ಮ ಬೋರ್‌ವೆಲ್‌ಗಳಲ್ಲಿ ಆಗುವಂತೆ, ಬಾವಿಗೆ ಮರಳು ನುಗ್ಗಿ ಕೆಲಸ ನಿಂತಿತು. 2017ರ ಮರುಪ್ರಯತ್ನದಲ್ಲೂ ಮೊದಲ ಬಾವಿಗೆ ಮರಳೇ ಅಡ್ಡಿಯಾಯಿತು.

ಬೆಸುಗೆ ಕಳಚಿದರೆ ತಳ ಕುಸಿಯಬಹುದು, ಇಳಿಜಾರಾದರೆ ಜಾರಲೂಬಹುದು. ಇದಕ್ಕೆ ನಾರ್ವೆಯ ಬಳಿ ಕಡಲತಳದಲ್ಲಿ ಆದ ಸ್ಟೊರೆಗ್ಗಾ ಭೂಕುಸಿತದ ಉದಾಹರಣೆ ಕೊಡುವುದುಂಟು. ಸುಮಾರು 8,000 ವರ್ಷಗಳ ಹಿಂದೆ ಅದು ಎಬ್ಬಿಸಿದ ಸುನಾಮಿ ಸ್ಕಾಟ್ಲೆಂಡ್ ತಲುಪಿತ್ತು. ಆದರೆ ಅದನ್ನು ಶುರುಮಾಡಿದ್ದು ಭೂಕಂಪ ಎಂಬುದೇ ಈಗ ಬಹುಮಟ್ಟಿಗೆ ಒಪ್ಪಿರುವ ವಿವರಣೆ.

ಸರಪಳಿಯಂತೆ ಇಡೀ ಪದರವೇ ಸಿಡಿದೀತೆಂಬ ಭಯಕ್ಕೆ ಆಧಾರ ಕಡಿಮೆ. ಹೈಡ್ರೇಟ್ ಒಡೆಯುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಪಂಪ್ ನಿಲ್ಲಿಸಿ ಒತ್ತಡ ಮರಳಿದರೆ ಒಡೆಯುವುದೂ ನಿಲ್ಲುತ್ತದೆ. ಆಳದಲ್ಲಿ ಸೋರಿದ ಮೀಥೇನ್‌ನ ಹೆಚ್ಚಿನ ಪಾಲು ನೀರಲ್ಲೇ ಕರಗಿ ಸೂಕ್ಷ್ಮಜೀವಿಗಳ ಪಾಲಾಗುತ್ತದೆ. ಅದಕ್ಕೆ ಬೆಲೆ ತೆರುವುದು ಕಡಲು: ಆಮ್ಲಜನಕ ತಗ್ಗುತ್ತದೆ, ಆಮ್ಲೀಯತೆ ಏರುತ್ತದೆ. ಹಡಗಿನಲ್ಲೋ ಪೈಪ್‌ಲೈನ್‌ನಲ್ಲೋ ಸೋರಿದರೆ ಮಾತ್ರ ಅನಿಲ ನೇರ ಗಾಳಿಗೆ ಸೇರುತ್ತದೆ. 20 ವರ್ಷಗಳ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಬಿಸಿಮಾಡುವ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು.

ಇವೆಲ್ಲ 'ಆಗಬಹುದಾದ' ಅಪಾಯಗಳು. ಒಂದಿಷ್ಟೂ ಸೋರದಿದ್ದರೂ ಆಗಿಯೇ ತೀರುವುದು ಇನ್ನೊಂದಿದೆ: ತೆಗೆದ ಅನಿಲವನ್ನು ಉರಿಸಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್. ಅಷ್ಟೇ ವಿದ್ಯುತ್ತಿಗೆ ಅದು ಕಲ್ಲಿದ್ದಲಿನದರ ಸುಮಾರು ಅರ್ಧದಷ್ಟೇ, ನಿಜ. ಆದರೆ ಈ ಅನಿಲ ಕಲ್ಲಿದ್ದಲಿನ ಬದಲಿಗೆ ಬರದೆ ಅದರ ಜೊತೆಗೆ ಸೇರಿಕೊಂಡರೆ ಹೊರೆ ಹೆಚ್ಚೇ. ಆದ್ದರಿಂದ ಬಾವಿಗೆ ಪರವಾನಗಿ ಕೊಡುವವರು ತಳದ ಇಳಿಜಾರು, ಮರಳಿನ ತಡೆ, ಸೋರಿಕೆಯ ಅಳತೆ ಇವನ್ನು ನೋಡಿದರೆ ಸಾಲದು. ಇದರಿಂದ ಯಾವ ಕಲ್ಲಿದ್ದಲು ಸ್ಥಾವರ ಮುಚ್ಚುತ್ತದೆ ಎಂದೂ ಕೇಳಬೇಕು.