ಕಿವಿ ಕೇಳದ ಬಾಲಣ್ಣ, ನಾಡೆಲ್ಲ ಕೇಳಿದ ಮಾತು!

ಹೀರೋ ಬಂದರೆ ಶಿಳ್ಳೆ, ಹೀರೋಯಿನ್ ಬಂದರೆ ಚಿಲ್ಲರೆ ಕಾಸಿನ ಮಳೆ. ಆದರೆ ಬಾಯಿ ತೆಗೆಯುವ ಮುಂಚೆಯೇ ಟೆಂಟಿನ ತುಂಬಾ ನಗು ಎಬ್ಬಿಸಿ, ಮುಂದಿನ ರೀಲಿನಲ್ಲೇ "ಇವನ ಮನಿ ಹಾಳಾಗ" ಅಂತ ಬೈಸಿಕೊಳ್ಳುತ್ತಿದ್ದ ಆಸಾಮಿ ಯಾರು ಹೇಳಿ? ಟಿ.ಎನ್. ಬಾಲಕೃಷ್ಣ. ನಮ್ಮೆಲ್ಲರ ಬಾಲಣ್ಣ!

ಅರಸೀಕೆರೆಯ ಈ ಬಡಕಲು ಮನುಷ್ಯನಿಗೆ ಚಿಕ್ಕಂದಿನಿಂದಲೇ ಕಿವಿ ಮಂದ. ಅಂಥವರು ಹಿಡಿದದ್ದು ಮಾತಿನ ಮೇಲೇ ಬದುಕುವ ಕಸುಬು!

ಅದು ಎಂಥ ಸಾಹಸ ಅನ್ನೋದು ನಾಟಕ ಬಲ್ಲವರಿಗೆ ಗೊತ್ತು. ರಾಘವರ ಬಳ್ಳಾರಿ ಸೀಮೆಯವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕರೂರಿನಂಥ ಹಳ್ಳಿಯ ನಾಟಕದಲ್ಲೂ ಸೈಡಿನಲ್ಲಿ ಮಾತು ಎತ್ತಿಕೊಡೋನು ಒಬ್ಬ ಇರ್ತಾನೆ. ಮಾತು ಮರೆತ ನಟನಿಗೆ ಅವನೇ ದೇವರು. ಬಾಲಣ್ಣನಿಗೆ ಆ ದೇವರ ಆಸರೆ ಎಲ್ಲಿಂದ ಬರಬೇಕು? ತಮ್ಮ ಪಾಠದ ಜೊತೆ ಎದುರಿನವರ ಪಾಠವೂ ತಲೆಯಲ್ಲಿರಬೇಕು. ಅವರ ತುಟಿ ನೋಡುತ್ತಿರಬೇಕು. ಅದು ನಿಂತ ಗಳಿಗೆಗೆ ಸರಿಯಾಗಿ ಇವರ ಮಾತು ಸಿಡಿಯಬೇಕು. ಕ್ಯಾಮರಾ ಮುಂದೆಯೂ ಅದೇ ಕಣ್ಣು, ಅದೇ ಲೆಕ್ಕ. ಚಿತ್ರ ನೋಡುವಾಗ ಯಾರಿಗಾದರೂ ಅನುಮಾನ ಬಂದಿತ್ತೇ?

1943ರ 'ರಾಧಾರಮಣ'ದಿಂದ ಶುರುವಾದ ಸಿನಿಮಾ ಬಾಳು ನೂರಾರು ಚಿತ್ರಗಳಿಗೆ ಬೆಳೆಯಿತು. ಕನ್ನಡ ಚಿತ್ರಗಳೇ ಕಡಿಮೆಯಾಗಿ ಕಲಾವಿದರು ಕೈಕಟ್ಟಿ ಕೂರುವ ಕಾಲ ಬಂದಾಗ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸಂಘ ಕಟ್ಟಿ ಊರೂರಲ್ಲಿ ನಾಟಕ ಆಡಿದರು. ಈ ನಾಲ್ವರೂ ಸೇರಿ ತಯಾರಿಸಿದ ಚಿತ್ರವೇ 1960ರ 'ರಣಧೀರ ಕಂಠೀರವ'!

1972ರಲ್ಲಿ ಬಂತು ನೋಡಿ 'ಬಂಗಾರದ ಮನುಷ್ಯ'. ಮನೆಮುರುಕನ ಪಾತ್ರದಲ್ಲಿ ಶಾಪ ತಿಂದಿದ್ದ ಅದೇ ಬಾಲಣ್ಣ ಇಲ್ಲಿ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪ. ಭತ್ತ ಬೆಳೆಯುವ ನಮ್ಮ ಸಿರುಗುಪ್ಪ ತಾಲ್ಲೂಕಿನ ಹಿರಿಯ ರೈತರನ್ನು ಕೇಳಿ, ರಾಜಣ್ಣನ ಹೆಸರಿನ ಹಿಂದೆಯೇ ರಾಚೂಟಪ್ಪನ ಹೆಸರು ಬರುತ್ತೆ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಬಾಲಣ್ಣ ಸುಖವಾಗಿರುತ್ತಿದ್ದರೇನೋ! ಆಗ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದುದು ಮದರಾಸಿನಲ್ಲಿ. ಕನ್ನಡಕ್ಕೆ ನಮ್ಮ ನೆಲದಲ್ಲೇ ಸ್ಟುಡಿಯೋ ಬೇಕು ಅಂತ ಹಟ ಹಿಡಿದರು. ಬೆಂಗಳೂರಿನ ಕೆಂಗೇರಿ ಬಳಿ ಸರ್ಕಾರ ಕೊಟ್ಟ 20 ಎಕರೆಯಲ್ಲಿ ಎದ್ದದ್ದೇ ಅಭಿಮಾನ್ ಸ್ಟುಡಿಯೋ. ಹೀರೋಗಳೂ ಹಿಂಜರಿಯುವ ಕೆಲಸಕ್ಕೆ ಒಬ್ಬ ಪೋಷಕ ನಟ ಎದೆಗೊಟ್ಟಿದ್ದ. ಗಳಿಸಿದ್ದನ್ನು ಅಲ್ಲಿ ಸುರಿದರು. ಅದು ತಿರುಗಿ ಬರಲಿಲ್ಲ. 1995ರ ಜುಲೈ 19ರಂದು ಬಾಲಣ್ಣ ಕಣ್ಣು ಮುಚ್ಚಿದರು.

ಇವತ್ತಿನ ಹುಡುಗರಿಗೆ ಅಭಿಮಾನ್ ಸ್ಟುಡಿಯೋ ಅಂದರೆ ವಿಷ್ಣುವರ್ಧನ್. 2009ರ ಡಿಸೆಂಬರಿನಲ್ಲಿ ಸಾಹಸಸಿಂಹನ ಅಂತ್ಯಕ್ರಿಯೆ ನಡೆದದ್ದು ಅಲ್ಲೇ. 2025ರ ಆಗಸ್ಟಿನಲ್ಲಿ ಆ ಸಮಾಧಿ ನೆಲಸಮವಾದಾಗ ಅಭಿಮಾನಿಗಳ ಹೊಟ್ಟೆ ಉರಿಯಿತು. ಉರಿಯಬೇಕಾದ್ದೇ! ಆದರೆ ಆ ಗಲಾಟೆಯಲ್ಲಿ ಸ್ಟುಡಿಯೋ ಕಟ್ಟಿದವರ ಹೆಸರು ಎಷ್ಟು ಜನರ ಬಾಯಲ್ಲಿ ಬಂತು?

ಜಾಗದ ಜಗಳ ಕೋರ್ಟು, ಸರ್ಕಾರಕ್ಕೆ ಬಿಟ್ಟದ್ದು. ನೆನಪು ಮಾತ್ರ ನಮಗೆ ಸೇರಿದ್ದು, ಮಿತ್ರರೇ. ಮುಂದಿನ ಸಲ ಟಿವಿಯಲ್ಲಿ ರಾಚೂಟಪ್ಪ ಬಂದಾಗ ಚಾನೆಲ್ ಬದಲಾಯಿಸಬೇಡಿ. ಒಂದು ಶಿಳ್ಳೆ ಹೊಡೀರಿ. ಬದುಕಿದ್ದಾಗ ಬಿದ್ದ ಶಿಳ್ಳೆಗಳು ಆ ಮನುಷ್ಯನಿಗೆ ಸರಿಯಾಗಿ ಕೇಳಿಸಲೇ ಇಲ್ಲ!